ಸೈಕಲ್ ಏರಿ ಭಾರತ ಸುತ್ತಿದ ಶ್ರೀಮತಿ ವರ್ಕ್‌ಮನ್

ಹುಡುಗಿಯೊಬ್ಬಳು ಸೈಕಲ್ ತುಳಿಯುತ್ತ ಶಾಲೆಗೆ ಹೋದರೆ ಇಂದು ರಾಯಚೂರು ಬಳಿಯ ಯರಗೇರಾದಂಥ ಊರಿನಲ್ಲಿಯೂ ಯಾರೂ ತಿರುಗಿ ನೋಡುವುದಿಲ್ಲ. 2006ರಿಂದ ಮೊದಲುಗೊಂಡು ಹಲವು ವರ್ಷಗಳ ಕಾಲ ಕರ್ನಾಟಕ ಸರಕಾರವೇ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಆದರೆ 1897ರ ಮಾತು ಬೇರೆ. ಆಗ ರಾಯಚೂರು ನಿಜಾಮರ ರಾಜ್ಯಕ್ಕೆ ಸೇರಿತ್ತು. ಮುಂಬಯಿಯ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ 1871ರಲ್ಲಿ ಇಲ್ಲಿ ಬಂದು ಕೂಡಿದ್ದವು, ನಿಜ. ಆದರೆ ನಿಲ್ದಾಣ ದಾಟಿ ಹಳ್ಳಿಯ ಕಡೆ ಹೊರಟವರಿಗೆ ಎತ್ತಿನ ಗಾಡಿಯೇ ಗತಿ, ಇಲ್ಲವೆ ದೇವರು ಕೊಟ್ಟ ಎರಡು ಕಾಲು. ಹೆಂಗಸರು ಊರಿಂದೂರಿಗೆ ಹೋಗುವುದೆಂದರೆ ತವರಿಗೆ, ಜಾತ್ರೆಗೆ, ಬಾಣಂತನಕ್ಕೆ.

ಅದೇ 1897ರ ಕೊನೆಯಲ್ಲಿ 38 ವರ್ಷ ವಯಸ್ಸಿನ ಅಮೆರಿಕದ ಮಹಿಳೆಯೊಬ್ಬಳು ಗಂಡನೊಡನೆ ಈ ದೇಶಕ್ಕೆ ಬಂದಳು. ಭಾರತದ ದಕ್ಷಿಣದ ತುದಿಯಿಂದ ಉತ್ತರದ ಹಿಮಾಲಯದವರೆಗೆ ಸೈಕಲ್ ಮೇಲೆಯೇ ಹೋಗಬೇಕೆಂಬುದು ಆಕೆಯ ಹಂಬಲ. ಹೋದಳು ಸಹ. ಆಕೆಯ ಹೆಸರು ಫ್ಯಾನಿ ಬುಲಕ್ ವರ್ಕ್‌ಮನ್.

ಹೆದರಿಕೆ ಹುಟ್ಟಿಸಿದ ವಾಹನ

ಈ ಸಾಹಸದ ಬೆಲೆ ತಿಳಿಯಬೇಕಾದರೆ ಅಂದಿನ ಸೈಕಲ್ಲಿನ ಸಂಗತಿಯನ್ನು ಸ್ವಲ್ಪ ಅರಿಯಬೇಕು. ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ ಇದ್ದ ಹಳೆಯ ಸೈಕಲ್ಲನ್ನು ಹತ್ತಲು ಗಂಡಸರೇ ಅಂಜುತ್ತಿದ್ದರು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎಂಬವನು ಸಮನಾದ ಎರಡು ಗಾಲಿಗಳ, ಹಿಂಗಾಲಿಗೆ ಸರಪಳಿಯಿರುವ ‘ರೋವರ್’ ಸೈಕಲ್ಲನ್ನು ಹೊರತಂದನು. 1888ರಲ್ಲಿ ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ರಬ್ಬರ್ ಟೈರನ್ನು ಕಂಡುಹಿಡಿದನು. ಇವೆರಡೂ ಕೂಡಿದ ಮೇಲೆ ಸೈಕಲ್ ಹೆಂಗಸರ ಕೈಗೂ ಬಂದಿತು.

ಬಂದೊಡನೆಯೇ ಗದ್ದಲವೂ ಎದ್ದಿತು. ಸೈಕಲ್ ತುಳಿದರೆ ಹೆಣ್ಣಿನ ಗರ್ಭಕ್ಕೆ ಕೇಡು ಎಂದರು ಕೆಲವರು. ತೋಲ ಹಿಡಿಯುವ ಆಯಾಸದಿಂದ ಮುಖ ಬಿಗಿದು, ಕಣ್ಣು ಮುಂದಕ್ಕೆ ಬಂದು ‘ಸೈಕಲ್ ಮೋರೆ’ ಎಂಬ ಹೊಸ ರೋಗ ಬರುವುದೆಂದು ವೈದ್ಯರೇ ಎಚ್ಚರಿಸಿದರು. ಎಷ್ಟೋ ಮಂದಿಗೆ ಆ ರೋಗದ ಹೆದರಿಕೆಗಿಂತ, ಮನೆಯ ಹೆಣ್ಣು ಯಾರನ್ನೂ ಕೇಳದೆ ಹತ್ತು ಮೈಲಿ ಆಚೆ ಹೋಗಿ ಬರಬಲ್ಲಳು ಎಂಬ ಹೆದರಿಕೆಯೇ ಹೆಚ್ಚಾಗಿದ್ದಿರಬೇಕು. ಅಮೆರಿಕದಲ್ಲಿ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಆಂಟನಿ ಮಾತ್ರ, ಹೆಣ್ಣಿನ ಬಿಡುಗಡೆಗೆ ಸೈಕಲ್ ಮಾಡಿದಷ್ಟು ಉಪಕಾರವನ್ನು ಜಗತ್ತಿನಲ್ಲಿ ಬೇರೆ ಯಾವುದೂ ಮಾಡಿಲ್ಲವೆಂದು 1896ರಲ್ಲಿ ಸಾರಿದಳು.

ಕಾಣದ ಹುಲಿಯ ಬೇಟೆ

ಫ್ಯಾನಿಗಿಂತ ಮೊದಲೇ ಇನ್ನೊಬ್ಬಳು ಲೋಕದ ಬಾಯಿಗೆ ಬಿದ್ದಿದ್ದಳು. ಬಾಸ್ಟನ್ ನಗರದ ಬಡ ಯಹೂದಿ ಗೃಹಿಣಿ ಆನಿ ಕೊಪ್ಚೊವ್‌ಸ್ಕಿ, ಮೂವರು ಚಿಕ್ಕ ಮಕ್ಕಳ ತಾಯಿ. 1894ರ ಜೂನ್ ತಿಂಗಳಲ್ಲಿ ‘ಸೈಕಲ್ ಮೇಲೆ ಭೂಪ್ರದಕ್ಷಿಣೆ ಮಾಡುತ್ತೇನೆ’ ಎಂದು ಹೊರಟಳು. ಲಂಡನ್‌ಡೆರಿ ಎಂಬ ನೀರು ಮಾರುವ ಕಂಪನಿ 100 ಡಾಲರ್ ಕೊಟ್ಟು ಸೈಕಲ್ಲಿಗೆ ತನ್ನ ಫಲಕ ಕಟ್ಟಿಸಿತು; ಆಕೆಯೂ ಕಂಪನಿಯ ಹೆಸರನ್ನೇ ತನ್ನ ಹೆಸರು ಮಾಡಿಕೊಂಡು ಆನಿ ಲಂಡನ್‌ಡೆರಿ ಆದಳು. 15 ತಿಂಗಳಿಗೆ ಮರಳಿ ಬಂದು, ಭಾರತದಲ್ಲಿ ಜರ್ಮನ್ ರಾಜಮನೆತನದವರೊಡನೆ ಹುಲಿ ಬೇಟೆಯಾಡಿದೆನೆಂದು ಕತೆ ಹೇಳಿದಳು. ವಾಸ್ತವವಾಗಿ ಪೂರ್ವದೇಶಗಳ ಬಹುಭಾಗವನ್ನು ಆಕೆ ದಾಟಿದ್ದು ಹಡಗಿನಲ್ಲಿ. ಕೊಲಂಬೊ, ಸಿಂಗಪುರದಂಥ ಬಂದರುಗಳನ್ನು ಮುಟ್ಟಿ ಮುಂದೆ ಹೋಗಿದ್ದಳು. ಆದರೂ ಆಕೆಯನ್ನು ಬರಿಯ ಸುಳ್ಳುಗಾತಿ ಎಂದು ತಳ್ಳಿಹಾಕುವಂತಿಲ್ಲ. ಕೈಯಲ್ಲಿ ಕಾಸಿಲ್ಲದ ಹೆಂಗಸು ಬಾಯಿಯ ಬಲದಿಂದಲೇ ಲೋಕ ಸುತ್ತಬೇಕಿತ್ತು.

ಫ್ಯಾನಿಗೆ ಆ ಕಷ್ಟವಿರಲಿಲ್ಲ. 1859ರಲ್ಲಿ ವೂಸ್ಟರ್ ಎಂಬಲ್ಲಿ ಹುಟ್ಟಿದ ಆಕೆಯ ತಂದೆ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದವನು. 1882ರಲ್ಲಿ ಕೈಹಿಡಿದ ವಿಲಿಯಂ ಹಂಟರ್ ವರ್ಕ್‌ಮನ್ ಆಕೆಗಿಂತ ಹನ್ನೆರಡು ವರ್ಷ ಹಿರಿಯನಾದ ವೈದ್ಯ. ವೃತ್ತಿಯಿಂದ ಬಿಡುವು ಪಡೆದ ಗಂಡನೊಡನೆ 1889ರಲ್ಲಿ ಜರ್ಮನಿಗೆ ಬಂದು ನೆಲೆಸಿದ ಮೇಲೆ ಸೈಕಲ್ ಗೀಳು ಹತ್ತಿತು. 1893ರಲ್ಲಿ ಪುಟ್ಟ ಮಗ ಜ್ವರದಿಂದ ತೀರಿಕೊಂಡ ಬಳಿಕ ತಿರುಗಾಟ ಇನ್ನೂ ಹೆಚ್ಚಿತು. ಮಗಳು ರೇಚೆಲ್ ದಾದಿಯರ ಕೈಯಲ್ಲಿ, ವಸತಿಶಾಲೆಗಳಲ್ಲಿ ಬೆಳೆದಳು. ಇದನ್ನು ಕೇಳಿ ನಮ್ಮ ಮನೆಗಳ ಹಿರಿಯರು ಹುಬ್ಬು ಗಂಟಿಕ್ಕುವರು. ಹುಬ್ಬು ಗಂಟಿಕ್ಕುವುದಾದರೆ ಗಂಡನ ಮೇಲೂ ಗಂಟಿಕ್ಕಬೇಕು. ಆತನೂ ಮಗಳನ್ನು ಬಿಟ್ಟೇ ಹೊರಟಿದ್ದನು.

ದಂಪತಿಗಳು ಅಲ್ಜೀರಿಯದ ಅಟ್ಲಸ್ ಪರ್ವತ ದಾಟಿ ಸಹಾರಾ ಮರುಭೂಮಿಯ ಅಂಚನ್ನು ಮುಟ್ಟಿಬಂದರು. ಸ್ಪೇನಿನಲ್ಲಿ 2,800 ಮೈಲಿ ಸುತ್ತಿದರು. ಅಲ್ಲಿ ಹಳ್ಳಿಯ ನಾಯಿಗಳನ್ನು ಹೆದರಿಸಲು ಆಕೆಯ ಬಳಿ ಚಾವಟಿಯಿತ್ತು, ಮನುಷ್ಯರನ್ನು ಹೆದರಿಸಲು ರಿವಾಲ್ವರ್ ಇತ್ತು. ಉಡುಪು ಮಾತ್ರ ಉದ್ದನೆಯ ಲಂಗವೇ. ಆನಿ ಲಂಡನ್‌ಡೆರಿ ನಡುದಾರಿಯಲ್ಲಿ ಷರಾಯಿ ತೊಟ್ಟಳು. ಗವರ್ನರನ ಮಗಳು ಲಂಗ ಬಿಡಲಿಲ್ಲ.

ನಲವತ್ತು ಮುಳ್ಳು

ಸಿಂಹಳವನ್ನು ನೋಡಿಕೊಂಡು ಭಾರತಕ್ಕೆ ಬಂದ ಈ ಜೋಡಿ ಸೈಕಲ್ಲಿಗೆ ಕಟ್ಟಿಕೊಂಡಿದ್ದುದು ಬಹು ಕಡಮೆ: ಚಹ, ಸಕ್ಕರೆ, ಬಿಸ್ಕತ್ತು, ಗಿಣ್ಣಿನ ತುಂಡು, ಮಾಂಸದ ಡಬ್ಬಿ, ಕುಡಿಯುವ ನೀರು, ಒಂದೊಂದು ಕಂಬಳಿ, ತಲೆದಿಂಬು, ಬರೆಯುವ ಸಾಮಗ್ರಿ, ಔಷಧ, ರಿಪೇರಿಯ ಸಾಮಾನು. ಹೊರೆ ಹಗುರವಾಗಿತ್ತು. ಸ್ಪೇನಿನಲ್ಲಿ ಇವರು ಕೆಲವು ದಿನ 80 ಮೈಲಿಯವರೆಗೂ ತುಳಿದಿದ್ದರು. 80 ಮೈಲಿ ಎಂದರೆಷ್ಟು? ರಾಯಚೂರಿನಿಂದ ಮಾನ್ವಿಗೆ ಹೋಗಿ ಅದೇ ದಿನ ಮರಳಿ ಬಂದರೂ ಅಷ್ಟು ದೂರವಾಗದು.

ಆ ಕಾಲದ ರಸ್ತೆಯಲ್ಲಿ ಡಾಂಬರಿಲ್ಲ. ಒಳ್ಳೆಯ ರಸ್ತೆಗೆ ಜಲ್ಲಿಕಲ್ಲು, ಉಳಿದವಕ್ಕೆ ಮಣ್ಣು. ರಾಯಚೂರು ಸೀಮೆಯ ಎರೆಭೂಮಿಯಲ್ಲಿ ಸೈಕಲ್ ತುಳಿದವರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಬೇಸಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಗಾಲಿ ತಿರುಗದಂತೆ ಮೆತ್ತಿಕೊಳ್ಳುವ ಕೆಸರು. ಅದರೊಡನೆ ಮುಳ್ಳು. ಬಳ್ಳಾರಿ ಜಾಲಿ ಇಂದಿನಷ್ಟು ಹಬ್ಬಿರದಿದ್ದ ಕಾಲವದು. ಟೈರಿಗೆ ನಮ್ಮ ಕರಿಜಾಲಿಯ ಮುಳ್ಳೇ ಸಾಕಾಗಿತ್ತು. ವರ್ಕ್‌ಮನ್ ದಂಪತಿಗಳು ಕೆಲವು ದಿನ 40 ಪಂಕ್ಚರ್‌ಗಳವರೆಗೆ ತೇಪೆ ಹಾಕಿದ್ದುಂಟು!

ಈ 40 ಎಂಬ ಅಂಕಿಯನ್ನು ಓದಿ ಮುಂದಕ್ಕೆ ಸಾಗಿಬಿಡುವುದು ಸುಲಭ. ಆದರೆ ಟೈರನ್ನು ರಿಮ್ಮಿನಿಂದ ಬಿಡಿಸಿ, ಟ್ಯೂಬನ್ನು ಎಳೆದು, ಗಾಳಿ ತುಂಬಿ, ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗ ಹುಡುಕಿ, ಒರೆಸಿ, ಉಜ್ಜಿ, ಅಂಟು ಹಚ್ಚಿ, ರಬ್ಬರಿನ ತೇಪೆ ಒತ್ತಿ, ಮರಳಿ ಟೈರು ಕೂಡಿಸಿ, ಪಂಪಿನಿಂದ ಗಾಳಿ ಹೊಡೆಯುವಷ್ಟರಲ್ಲಿ ಕೈ ಪಳಗಿದವರಿಗೂ ಹತ್ತು ನಿಮಿಷ ಬೇಕು. ನಲವತ್ತಕ್ಕೆ ಆರೂವರೆ ಗಂಟೆಗೂ ಮಿಕ್ಕಿ. ಅದೂ ನೆರಳಿಲ್ಲದ ದಾರಿಯ ಮಗ್ಗುಲಲ್ಲಿ, ಕುಡಿಯಲೇ ನೀರು ಸಾಲದ ಕಡೆ. ಹುಲಿ ಬೇಟೆಯ ಕತೆಗೆ ಸಿಕ್ಕುವ ಚಪ್ಪಾಳೆ ಇದಕ್ಕೆ ಸಿಕ್ಕದು. ಆದರೆ ಧೈರ್ಯವೆಂಬುದು ಇದ್ದದ್ದು ಇಲ್ಲಿಯೇ. ರಾತ್ರಿ ತಂಗಿದ ಕಡೆಗಳಲ್ಲಿ ಇಲಿಗಳ ಓಡಾಟ, ಸೊಳ್ಳೆಗಳ ಮೋಡ. ಕೆಲವೊಮ್ಮೆ ತಿನ್ನಲು ಏನೂ ದೊರೆಯದ ಪ್ರಸಂಗ.

ಬೇಸಗೆ ಬಂದಾಗ ಸೈಕಲ್ ಬಿಟ್ಟು ಹಿಮಾಲಯಕ್ಕೆ, ಚಳಿಗಾಲಕ್ಕೆ ಮತ್ತೆ ಬಯಲಿಗೆ. ನಡುವೆ ಬರ್ಮಾ, ಜಾವಾ, ಇಂಡೋಚೀನ. ಹೀಗೆ 1900ರವರೆಗೆ ಸಾಗಿದ ಈ ಪ್ರವಾಸದ ಗ್ರಂಥ 1904ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಸೈಕಲ್ ಮೇಲಿನ 14,000 ಮೈಲಿ ಎಂಬುದು ಪುಸ್ತಕದ ಹೆಸರಿನಲ್ಲಿಯೇ ಇದೆ.

ಕಂಡದ್ದು, ಕಾಣದ್ದು

ಆ ಹೆಸರಿನಲ್ಲಿ ‘ದೇವಾಲಯಗಳು’ ಎಂಬ ಮಾತೂ ಇದೆ, ‘ಜನರು’ ಎಂಬ ಮಾತೂ ಇದೆ. ಪುಸ್ತಕದ ಒಳಗೆ ದೇವಾಲಯಗಳ ಪಾಲೇ ದೊಡ್ಡದು. ನಮ್ಮ ಪುರಾಣಕಾವ್ಯಗಳ ಪರಿಚಯ ಮಾಡಿಕೊಂಡು ಬಂದಿದ್ದ ದಂಪತಿಗಳು ಗುಡಿಗೋಪುರಗಳ ಎದುರು ಕ್ಯಾಮರಾ ಹಿಡಿದು ನಿಂತರು. ಕಂಬ, ಭಿತ್ತಿ, ಶಿಖರಗಳನ್ನು ಶ್ರದ್ಧೆಯಿಂದ ವರ್ಣಿಸಿದರು. ಅವುಗಳ ನೆರಳಿನಲ್ಲಿ ಬದುಕುತ್ತಿದ್ದವರ ಕಡೆಗೆ ಅಷ್ಟು ಗಮನ ಹರಿಯಲಿಲ್ಲ.

ಆ ವರ್ಷಗಳಾದರೂ ಎಂಥವು! 1896ರಲ್ಲಿ ಮುಂಬಯಿಗೆ ಹೊಕ್ಕ ಪ್ಲೇಗು 1898ರಲ್ಲಿ ಬೆಂಗಳೂರು, ಮೈಸೂರುಗಳನ್ನು ಹಿಡಿಯಿತು. ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. 1896-97ರಲ್ಲಿ ಒಂದು ಕ್ಷಾಮ, 1899-1900ರಲ್ಲಿ ಮತ್ತೊಂದು. ಇಂಥ ನಾಡಿನ ನಡುವೆ, ಮೋಟಾರಿನ ವೇಗವೂ ರೈಲಿನ ಕಿಟಕಿಯೂ ಅಡ್ಡಬಾರದ ಸೈಕಲ್ ಮೇಲೆ, ಮನುಷ್ಯರ ಮುಖ ಕಾಣುವಷ್ಟು ಹತ್ತಿರದಿಂದ ಹಾದುಹೋದವಳು ಆಕೆ. ಸ್ವಂತ ದೇಶದ ಸ್ತ್ರೀಯರ ಹಕ್ಕಿಗಾಗಿ ದನಿಯೆತ್ತಿದ ಆಕೆ ದಾರಿಯ ಬಾವಿಯಲ್ಲಿ ನೀರು ಸೇದುತ್ತಿದ್ದ ಹೆಂಗಸಿನೊಡನೆ ಇನ್ನಷ್ಟು ಹೊತ್ತು ಕುಳಿತು ಮಾತನಾಡಿದ್ದರೆ ಪುಸ್ತಕದ ತೂಕ ಎಷ್ಟು ಹೆಚ್ಚುತ್ತಿತ್ತು! ಭಾಷೆ ಬಾರದೆಂಬುದು ಅರ್ಧ ಕಾರಣ. ಉಳಿದರ್ಧ ಆಳುವವರ ಬಣ್ಣದ ಮೈಗೆ ಅಂಟಿದ ಠೀವಿ. ಪರ್ವತಯಾತ್ರೆಗಳಲ್ಲಿ ಹೊರೆಯಾಳುಗಳೊಡನೆ ಆಕೆಗೆ ಮೇಲಿಂದ ಮೇಲೆ ಜಗಳವಾಯಿತು. 1898ರಲ್ಲಿ ಡಾರ್ಜಿಲಿಂಗಿನಿಂದ ಕಾಂಚನಗಂಗಾ ಕಡೆಗೆ ಹೊರಟ ಯಾತ್ರೆ ಅರ್ಧಕ್ಕೆ ನಿಲ್ಲಲು ಅದೂ ಒಂದು ಕಾರಣ.

ಚಕ್ರದಿಂದ ಶಿಖರಕ್ಕೆ

ಹಿಮಾಲಯವನ್ನು ಕಂಡ ಮೇಲೆ ಸೈಕಲ್ ಹಿಂದೆ ಬಿತ್ತು. ಮುಂದಿನ ವರ್ಷಗಳಲ್ಲಿ ದಂಪತಿಗಳು ಕಾರಕೋರಂ ಸೀಮೆಗೆ ಮತ್ತೆ ಮತ್ತೆ ಬಂದರು. ಒಂದು ಶಿಖರಕ್ಕೆ ತೀರಿಹೋದ ಮಗ ಸೀಗ್‌ಫ್ರೀಡನ ಹೆಸರಿಟ್ಟರು. 1906ರಲ್ಲಿ ನುನ್ ಕುನ್ ಪರ್ವತ ಸಮೂಹದ ಪಿನಕಲ್ ಶಿಖರವನ್ನು ಏರಿದಾಗ ಫ್ಯಾನಿಗೆ 47 ವರ್ಷ. 22,735 ಅಡಿ ಎತ್ತರದ ಆ ದಾಖಲೆಯನ್ನು 1934ರವರೆಗೆ ಮತ್ತೊಬ್ಬ ಹೆಂಗಸು ಮೀರಲಿಲ್ಲ. ನಡುವೆ ಆನಿ ಪೆಕ್ ಎಂಬ ಮತ್ತೊಬ್ಬ ಅಮೆರಿಕನ್ ಮಹಿಳೆ ಪೆರು ದೇಶದ ವಾಸ್ಕರಾನ್ ಪರ್ವತವನ್ನೇರಿ, ತಾನು ಅದಕ್ಕಿಂತ ಎತ್ತರ ಹೋಗಿರಬಹುದೆಂದು ಹೇಳಿದಳು. ಫ್ಯಾನಿ ಸುಮ್ಮನಿರಲಿಲ್ಲ. 13,000 ಡಾಲರ್ ಸುರಿದು ಸರ್ವೆಯವರನ್ನು ಪೆರುವಿಗೆ ಕಳುಹಿಸಿ, ಪರ್ವತವನ್ನೇ ಅಳೆಸಿ, ಪೆಕ್‌ಳ ಎಣಿಕೆ ತಪ್ಪೆಂದು ತೋರಿಸಿದಳು! ಪೆಕ್ ಉಪನ್ಯಾಸ ಮಾಡಿ ದುಡ್ಡು ಕೂಡಿಸಿ ಬೆಟ್ಟ ಹತ್ತುತ್ತಿದ್ದವಳು. ಇಂಥ ಗೆಲುವಿಗೆ ಏನನ್ನಬೇಕೋ ಓದುಗರೇ ಹೇಳಬೇಕು.

1905ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಆಕೆ ಉಪನ್ಯಾಸ ಮಾಡಿದಳು. ಆ ವೇದಿಕೆಯನ್ನೇರಿದ ಎರಡನೆಯ ಹೆಂಗಸು ಆಕೆ. ಆ ಸಂಸ್ಥೆ ಸ್ತ್ರೀಯರಿಗೆ ಸದಸ್ಯತ್ವದ ಬಾಗಿಲನ್ನು ಪೂರ್ತಿಯಾಗಿ ತೆರೆದದ್ದು 1913ರಲ್ಲಿ. ಅದಕ್ಕೆ ಹಿಂದಿನ ವರ್ಷವೇ ಸಿಯಾಚಿನ್ ಹಿಮನದಿಯ ಮೇಲೆ, ಸುಮಾರು 21,000 ಅಡಿ ಎತ್ತರದಲ್ಲಿ, ‘ಸ್ತ್ರೀಯರಿಗೆ ಮತ’ ಎಂಬ ತಲೆಬರಹದ ಪತ್ರಿಕೆಯನ್ನು ಹಿಡಿದು ಆಕೆ ಫೋಟೋ ತೆಗೆಸಿಕೊಂಡಿದ್ದಳು. ಅದೇ ಯಾತ್ರೆಯಲ್ಲಿ ಇಟಲಿಯ ಆಳು ಚೆಸಾರೆ ಶೆನೊ ಎಂಬವನು ಹಿಮದ ಬಿರುಕಿಗೆ ಬಿದ್ದು ಪ್ರಾಣ ಕಳೆದುಕೊಂಡನು. ಆಕೆ ಕೂದಲೆಳೆಯಲ್ಲಿ ಪಾರಾದಳು.

ಫ್ಯಾನಿ 1925ರ ಜನವರಿ 22ರಂದು ಫ್ರಾನ್ಸಿನ ಕಾನ್ ನಗರದಲ್ಲಿ ತೀರಿಕೊಂಡಳು. ಉಯಿಲಿನಲ್ಲಿ 1,25,000 ಡಾಲರ್‌ಗಳನ್ನು ಅಮೆರಿಕದ ನಾಲ್ಕು ಮಹಿಳಾ ಕಾಲೇಜುಗಳಿಗೆ ಬರೆದಿದ್ದಳು. ವಸತಿಶಾಲೆಗಳಲ್ಲಿ ಬೆಳೆದ ಮಗಳು ರೇಚೆಲ್ ಭೂವಿಜ್ಞಾನ ಕಲಿತಳು. 1911ರಲ್ಲಿ ಕಾನ್ಪುರದಲ್ಲಿ ಗಿರಣಿಗಳನ್ನು ನಡೆಸುತ್ತಿದ್ದ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮ್ಯಾಕ್‌ರಾಬರ್ಟನನ್ನು ಮದುವೆಯಾದಳು. 1919ರಲ್ಲಿ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿ ಮೊದಲ ಬಾರಿಗೆ ಹೆಂಗಸರನ್ನು ಫೆಲೋಗಳಾಗಿ ಚುನಾಯಿಸಿದಾಗ ಆ ಕೆಲವರಲ್ಲಿ ರೇಚೆಲಳೂ ಒಬ್ಬಳಾಗಿದ್ದಳು.