‘ವಯಸ್ಸಾಯಿತು’ ಎಂದು ಕೈಬಿಡದಿರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ನಾಯಿ ಸಾಕುವುದು ಬರೀ ಶೋಕಿಗಲ್ಲ. ಕುರಿಹಟ್ಟಿಯ ಕಾವಲಿಗೆ, ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿ ಓಡಿಸಲು, ತೋಟದ ಮನೆಯ ಬಾಗಿಲು ಕಾಯಲು ಅದು ಬೇಕು. ಬೆಟ್ಟದ ಅಂಚಿನ ಊರುಗಳಲ್ಲಿ ಚಿರತೆ, ಕರಡಿಗಳ ಸುಳಿವು ಮೊದಲು ಹತ್ತುವುದೂ ಅದಕ್ಕೇ. ಹತ್ತು ವರ್ಷ ಹೀಗೆ ದುಡಿದ ನಾಯಿ ಒಂದು ದಿನ ಕರೆದರೂ ಏಳುವುದಿಲ್ಲ, ಹಾಕಿದ ಮುದ್ದೆ ಮುಟ್ಟುವುದಿಲ್ಲ. ‘ವಯಸ್ಸಾಯಿತು ಬಿಡು’ ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಮುಪ್ಪು ರೋಗವಲ್ಲ. ಮುಪ್ಪಿನ ಲೆಕ್ಕಕ್ಕೆ ನಾವು ಬರೆದುಬಿಡುವ ಹಲವು ತೊಂದರೆಗಳಿಗೆ ಚಿಕಿತ್ಸೆ ಇದೆ.

ಮುಪ್ಪು ಯಾವಾಗ?

ದೊಡ್ಡ ಗಾತ್ರದ ನಾಯಿಗಳಿಗೆ 7-8ನೇ ವರ್ಷಕ್ಕೇ ಮುಪ್ಪು ಆವರಿಸುತ್ತದೆ. ಸಣ್ಣ ತಳಿಗಳಿಗೆ 10 ವರ್ಷದ ಸುಮಾರಿಗೆ. ಆ ವಯಸ್ಸು ಬಂದ ಮೇಲೆ ಆರು ತಿಂಗಳಿಗೊಮ್ಮೆ ಪಶುವೈದ್ಯರಿಗೆ ತೋರಿಸುವುದು ಒಳ್ಳೆಯದು.

ಕೀಲು, ಹಲ್ಲು, ಕಣ್ಣು

ಬೆಳಿಗ್ಗೆ ಎದ್ದಾಗ ಕುಂಟುವುದು, ಮೆಟ್ಟಿಲು ಹತ್ತಲು ಹಿಂಜರಿಯುವುದು ಕೀಲುನೋವಿನ ಲಕ್ಷಣ. ತಣ್ಣನೆಯ ಸಿಮೆಂಟ್ ನೆಲದ ಮೇಲೆ ಮಲಗಿಸದೆ ದಪ್ಪನಾಗಿ ಗೋಣಿಚೀಲ ಹಾಸಿ. ಮೈಭಾರ ಹೆಚ್ಚದಂತೆ ನೋಡಿಕೊಳ್ಳಿ. ಆದರೆ ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಎಂದೂ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು, ಮೂತ್ರಪಿಂಡ ಕೆಡಬಹುದು. ನಾಯಿಗಳಿಗೆಂದೇ ಬೇರೆ ಔಷಧಿಗಳಿವೆ. ಅವನ್ನು ವೈದ್ಯರೇ ಬರೆದುಕೊಡಬೇಕು.

ಊಟ ಬಿಟ್ಟ ನಾಯಿಗೆ ಹಸಿವು ಇಲ್ಲವೆಂದೇನಿಲ್ಲ, ಹಲ್ಲುನೋವು ಇರಬಹುದು. ಬಾಯಿಂದ ದುರ್ವಾಸನೆ, ವಸಡಿನಲ್ಲಿ ರಕ್ತ ಕಂಡರೆ ಹಲ್ಲು ತೋರಿಸಿ. ಅಲ್ಲಿಯವರೆಗೆ ಮುದ್ದೆ, ಅನ್ನವನ್ನು ಮೆತ್ತಗೆ ಕಲಸಿ ಕೊಡಿ. ಬೇಯಿಸಿದ ಕೋಳಿಮೂಳೆ ಬೇಡ. ಅದು ಚೂಪಾಗಿ ಸೀಳಿ ಕರುಳಿಗೆ ಚುಚ್ಚಬಹುದು.

ವಯಸ್ಸಾದ ನಾಯಿಯ ಕಣ್ಣುಗುಡ್ಡೆ ತಿಳಿನೀಲಿಯಾಗಿ ಮಸುಕಾಗುವುದು ಸಾಮಾನ್ಯ. ಅದರಿಂದ ದೃಷ್ಟಿಗೆ ಹೆಚ್ಚು ತೊಂದರೆಯಿಲ್ಲ. ಬೆಳ್ಳಗೆ ಪೊರೆ ಕಟ್ಟಿದರೆ, ಕಣ್ಣು ಕೆಂಪಾಗಿ ನೋಯುವಂತಿದ್ದರೆ ತಡಮಾಡಬೇಡಿ.

ನೀರು ಹೆಚ್ಚು ಕುಡಿಯುತ್ತಿದೆಯೇ?

ನಾಯಿ ಮೊದಲಿಗಿಂತ ಹೆಚ್ಚು ನೀರು ಕುಡಿದು, ಪದೇ ಪದೇ ಮೂತ್ರ ಮಾಡಿ, ಸೊರಗುತ್ತಿದ್ದರೆ ಮೂತ್ರಪಿಂಡದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರಬಹುದು. ಮನೆಯೊಳಗೆ ಗಲೀಜು ಮಾಡುತ್ತದೆಂದು ನೀರು ಕೊಡುವುದನ್ನು ನಿಲ್ಲಿಸಬೇಡಿ, ಅದರಿಂದ ಪ್ರಾಣಕ್ಕೇ ಅಪಾಯ.

ಹೆಣ್ಣು ನಾಯಿಯಾದರೆ ಇನ್ನೊಂದು ಎಚ್ಚರಿಕೆ. ಬೆದೆ ಮುಗಿದ ಒಂದೆರಡು ತಿಂಗಳೊಳಗೆ ಬಾಯಾರಿಕೆ, ವಾಂತಿ, ಮಂಕು, ಹೊಟ್ಟೆ ಉಬ್ಬರ ಕಂಡರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಬರಲೇಬೇಕೆಂದಿಲ್ಲ. ಇದು ತುರ್ತು ಶಸ್ತ್ರಚಿಕಿತ್ಸೆ ಬೇಕಾಗುವ ಕಾಯಿಲೆ. ಚಿಕ್ಕಂದಿನಲ್ಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಭಯವಿಲ್ಲ. ಮೊಲೆಯ ಗೆಡ್ಡೆಗಳ ಸಂಭವವೂ ಕಡಿಮೆ.

ನಮ್ಮ ಸೀಮೆಯ ಅಪಾಯಗಳು

ಬೂಸ್ಟು ಹಿಡಿದ ಕಡಲೆಕಾಯಿ, ಹಿಂಡಿಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿರಬಹುದು. ಇದು ನಾಯಿಯ ಯಕೃತ್ತನ್ನು ಕೆಡಿಸುತ್ತದೆ. ಕೊಟ್ಟಿಗೆಯಲ್ಲಿ ಹಾಗೇ ಬಿದ್ದಿರುವ ಹಳೆಯ ಹಿಂಡಿ ನಾಯಿಯ ಬಾಯಿಗೆ ಸಿಗದಂತೆ ನೋಡಿಕೊಳ್ಳಿ.

ಪಾವಗಡದ ಕೊಳವೆಬಾವಿ ನೀರಿನ ಫ್ಲೋರೈಡ್ ತೊಂದರೆ ನಿಮಗೆ ತಿಳಿದದ್ದೇ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಈ ಲವಣ, ಜನರ ಜೊತೆಗೆ ದನಕರುಗಳ ಹಲ್ಲು, ಮೂಳೆಗಳನ್ನೂ ಹಾಳುಮಾಡುತ್ತದೆ. ಶುದ್ಧ ನೀರಿನ ಘಟಕದಿಂದ ತಂದ ನೀರಿನಲ್ಲಿ ಒಂದು ಬಟ್ಟಲು ನಾಯಿಗೂ ಇಡಿ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ನೆರಳಿನಲ್ಲೇ ಕಟ್ಟಿ. ಮುದಿ ನಾಯಿ ಬಿಸಿಲಿನ ಝಳ ತಾಳಲಾರದು.

ಕುರಿಗಳ ನಡುವೆ ಇರುವ ನಾಯಿಗೆ ಉಣುಗಿನ ಕಾಟ ಹೆಚ್ಚು. ಉಣುಗಿನಿಂದ ಬರುವ ಜ್ವರದಲ್ಲಿ ನಾಯಿ ಮಂಕಾಗಿ ವಸಡು ಬಿಳಿಚಿಕೊಳ್ಳುತ್ತದೆ, ಒಮ್ಮೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಬೇಗ ಗುರುತಿಸಿದರೆ ವಾಸಿಯಾಗುವ ಕಾಯಿಲೆ ಇದು.

ಬಾಯಿಗೆ ಕೈ ಹಾಕುವ ಮುನ್ನ

ನಾಯಿ ಇದ್ದಕ್ಕಿದ್ದಂತೆ ಜೊಲ್ಲು ಸುರಿಸುತ್ತ, ನುಂಗಲಾರದೆ, ದನಿ ಬದಲಾಗಿ, ದವಡೆ ಜೋತುಬಿಟ್ಟರೆ ‘ಮೂಳೆ ಸಿಕ್ಕಿಕೊಂಡಿದೆ’ ಎಂದು ಬಾಯಿಗೆ ಕೈ ಹಾಕಬೇಡಿ. ಅದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್ ಇರಬಹುದು. ಲಸಿಕೆ ಹಾಕಿಸದ ನಾಯಿಯಾದರಂತೂ ಮಕ್ಕಳನ್ನು ದೂರವಿಟ್ಟು ಕೂಡಲೇ ಪಶುವೈದ್ಯರಿಗೆ ತಿಳಿಸಿ. ಕಚ್ಚಿದರೆ, ಪರಚಿದರೆ ಅಥವಾ ಗಾಯಕ್ಕೆ ಜೊಲ್ಲು ತಗುಲಿದರೆ ಆ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ರೋಗ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ. ‘ಮುದಿ ನಾಯಿಗೇಕೆ’ ಎಂದು ವರ್ಷದ ರೇಬೀಸ್ ಲಸಿಕೆ ತಪ್ಪಿಸುವುದು ಮನೆಮಂದಿಗೆಲ್ಲ ಅಪಾಯ.

ಎಲ್ಲಿ ತೋರಿಸಬೇಕು?

ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ನಾಯಿಯನ್ನು ಸಾಗಿಸಲಾಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಿ. ಹೆಚ್ಚಿನ ಪರೀಕ್ಷೆ ಬೇಕೆಂದರೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶುವೈದ್ಯಕೀಯ ಕಾಲೇಜಿಗೆ ಹೋಗಬಹುದು.

ವಾಸಿಯಾಗದ ನೋವಿದ್ದರೆ ಮುಂದೇನು ಎಂಬುದನ್ನೂ ವೈದ್ಯರ ಬಳಿಯೇ ಮಾತಾಡಿ. ನೋವಿಲ್ಲದೆ ಕೊನೆ ಕಾಣಿಸುವ ಚುಚ್ಚುಮದ್ದು ಅವರಲ್ಲಿದೆ. ಹೆದ್ದಾರಿ ಬದಿಯಲ್ಲೋ ಸಂತೆಯಲ್ಲೋ ಬಿಟ್ಟು ಬರುವುದು ಪರಿಹಾರವಲ್ಲ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಸುಮಾರು ಕ್ರಿ.ಶ. 949ರ ಆತಕೂರು ಶಾಸನ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪಿಗೆ ನಿಂತಿದೆ. ನಿಮ್ಮ ಮನೆಯ ನಾಯಿಗೆ ಕಲ್ಲು ನೆಡಿಸಬೇಕಾಗಿಲ್ಲ. ವಾರಕ್ಕೊಮ್ಮೆ ಅದರ ವಸಡು, ಕಿವಿ, ಉಗುರು ನೋಡಿ, ಮೈಮೇಲೆಲ್ಲ ಕೈಯಾಡಿಸಿ ಗಂಟು, ಉಣುಗು ಇವೆಯೇ ಪರೀಕ್ಷಿಸಿ. ವ್ಯತ್ಯಾಸ ಕಂಡರೆ ಮಾರನೆಯ ದಿನವೇ ವೈದ್ಯರಿಗೆ ತೋರಿಸಿ.