ಆಟಗಾರನ ಅಳತೆಗೋಲು

ಕಾಲ್ಚೆಂಡಾಟದ ಬಯಲಿನಲ್ಲಿ ಇಪ್ಪತ್ತೆರಡು ಮಂದಿ ಆಟಗಾರರು ತೊಂಬತ್ತು ನಿಮಿಷಗಳ ಕಾಲ ಬೆವರು ಸುರಿಸುತ್ತಾರೆ. ಇಷ್ಟೆಲ್ಲ ಶ್ರಮದ ಕೊನೆಯಲ್ಲಿ ಉಳಿಯುವ ಲೆಕ್ಕ ಬಲು ಚಿಕ್ಕದು: ಒಂದು ಗೋಲು, ಎರಡು ಗೋಲು, ಕೆಲವೊಮ್ಮೆ ಬರಿಯ ಸೊನ್ನೆ. ಕ್ರಿಕೆಟ್ಟಿನಲ್ಲಿ ಒಂದೊಂದು ಎಸೆತಕ್ಕೂ ಲೆಕ್ಕವುಂಟು. ಯಾರು ಎಸೆದರು, ಯಾರು ಹೊಡೆದರು, ಎಷ್ಟು ಓಟಗಳು ಬಂದವು ಎಂಬುದೆಲ್ಲ ಪುಸ್ತಕದಲ್ಲಿ ದಾಖಲಾಗುತ್ತದೆ. ಕಾಲ್ಚೆಂಡಾಟವಾದರೋ ಹರಿಯುವ ನೀರಿನಂತೆ. ಅದನ್ನು ತುಂಡು ತುಂಡಾಗಿ ಎಣಿಸುವುದು ಸುಲಭವಲ್ಲ. ಗೋಲು ಹೊಡೆದವನ ಹೆಸರು ಎಲ್ಲರ ನಾಲಗೆಯ ಮೇಲೆ ನಲಿಯುತ್ತದೆ. ಎದುರಾಳಿಯಿಂದ ಚೆಂಡನ್ನು ಕಸಿದು ಅವನವರೆಗೆ ಮುಟ್ಟಿಸಿದವನನ್ನು ಜನ ಮರೆತುಬಿಡುತ್ತಾರೆ. ಹಾಗಾದರೆ ಒಬ್ಬ ಆಟಗಾರನ ನಿಜವಾದ ಯೋಗ್ಯತೆಯನ್ನು ಅಳೆಯುವುದು ಹೇಗೆ?

ಈ ಪ್ರಶ್ನೆಯ ಹಿಂದೆ ಹಣದ ಮಾತೂ ಇದೆ. ಯೂರೋಪಿನ ಆಟಗಾರರು ಕ್ಲಬ್ಬುಗಳೊಡನೆ ಕರಾರು ಮಾಡಿಕೊಂಡು ಆಡುತ್ತಾರೆ. ಕರಾರಿನ ಅವಧಿ ಮುಗಿಯುವ ಮೊದಲೇ ಒಬ್ಬನನ್ನು ಬೇರೆ ಕ್ಲಬ್ಬು ಕರೆದುಕೊಳ್ಳಬೇಕಾದರೆ ಮೊದಲಿನ ಕ್ಲಬ್ಬಿಗೆ ಹಣ ತೆರಬೇಕು. ಇದನ್ನು ವರ್ಗಾವಣೆಯ ಶುಲ್ಕವೆನ್ನುತ್ತಾರೆ. 1905ರಲ್ಲಿ ಆಲ್ಫ್ ಕಾಮನ್ ಎಂಬ ಆಟಗಾರರಿಗಾಗಿ ಮಿಡಲ್ಸ್‌ಬರೋ ಕ್ಲಬ್ಬು 1,000 ಪೌಂಡ್ ತೆತ್ತಾಗ ಇಂಗ್ಲೆಂಡಿನ ಜನ ಬೆರಗಾದರು. 1979ರಲ್ಲಿ ಟ್ರೆವರ್ ಫ್ರಾನ್ಸಿಸ್ ಅವರ ಬೆಲೆ ಹತ್ತು ಲಕ್ಷ ಪೌಂಡುಗಳನ್ನು ಮುಟ್ಟಿತು. 2017ರಲ್ಲಿ ಬ್ರೆಜಿಲಿನ ನೇಮಾರ್ ಅವರಿಗಾಗಿ ಪ್ಯಾರಿಸ್ಸಿನ ಕ್ಲಬ್ಬು 22 ಕೋಟಿ 20 ಲಕ್ಷ ಯೂರೋಗಳನ್ನು ಕೊಟ್ಟಿತು. ಇಷ್ಟು ಹಣವನ್ನು ಪಣವಾಗಿಡುವವರು ಕೇವಲ ಕಣ್ಣಂದಾಜನ್ನು ನಂಬಿ ಕೂಡಲಾರರು.

ಆಟವನ್ನು ಎಣಿಸುವ ಕಾರ್ಯಕ್ಕೆ ತೊಡಗಿದ ಮೊದಲಿಗರಲ್ಲಿ ಚಾರ್ಲ್ಸ್ ರೀಪ್ ಎಂಬುವರು ಪ್ರಮುಖರು. ಇವರು ಬ್ರಿಟನ್ನಿನ ವಾಯುಪಡೆಯಲ್ಲಿ ಲೆಕ್ಕಪತ್ರ ವಿಭಾಗದ ಅಧಿಕಾರಿಯಾಗಿದ್ದರು. 1950ರ ಮಾರ್ಚ್ 18ರಂದು ಸ್ವಿಂಡನ್ ಎಂಬ ಊರಿನಲ್ಲಿ ಆಟ ನೋಡುತ್ತಿದ್ದಾಗ, ದ್ವಿತೀಯಾರ್ಧದಲ್ಲಿ ಜೇಬಿನಿಂದ ಪುಸ್ತಕ, ಪೆನ್ಸಿಲುಗಳನ್ನು ತೆಗೆದು ಒಂದೊಂದು ದಾಳಿಯನ್ನೂ ಗುರುತುಹಾಕತೊಡಗಿದರು. ಆ ಹವ್ಯಾಸ ದಶಕಗಳ ಕಾಲ ಮುಂದುವರಿಯಿತು. ಬಹುಪಾಲು ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಮೆ ಪಾಸುಗಳ ದಾಳಿಯಿಂದಲೇ ಹುಟ್ಟುತ್ತವೆ ಎಂದು ಅವರ ಪುಸ್ತಕಗಳು ತೋರಿಸಿದವು. ಆದ್ದರಿಂದ ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಕಾಲ ಕಳೆಯಬಾರದು. ದೂರಕ್ಕೆ ಒದ್ದು ಬೇಗನೆ ಗೋಲಿನ ಬಳಿ ತಲಪಿಸಬೇಕು ಎಂದು ಅವರು ಸಾರಿದರು. ಇಂಗ್ಲೆಂಡಿನ ಎಷ್ಟೋ ತರಬೇತುದಾರರು ಈ ಮಾತನ್ನು ವೇದವಾಕ್ಯವೆಂದು ಸ್ವೀಕರಿಸಿದರು.

ರೀಪ್ ಅವರ ಎಣಿಕೆಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದುದು ಎಣಿಕೆಯಿಂದ ತೆಗೆದ ತೀರ್ಮಾನದಲ್ಲಿ. ಒಂದು ಉದಾಹರಣೆಯಿಂದ ಇದನ್ನು ತಿಳಿಯೋಣ. ಒಟ್ಟು 1,000 ದಾಳಿಗಳು ನಡೆದವೆಂದು ಭಾವಿಸಿರಿ. ಅವುಗಳಲ್ಲಿ 900 ಕಡಮೆ ಪಾಸುಗಳವು, 100 ಹೆಚ್ಚು ಪಾಸುಗಳವು. ಮೊದಲನೆಯ ಬಗೆಯಿಂದ 9 ಗೋಲುಗಳೂ ಎರಡನೆಯ ಬಗೆಯಿಂದ 2 ಗೋಲುಗಳೂ ಬಂದವೆನ್ನೋಣ. ಹನ್ನೊಂದು ಗೋಲುಗಳಲ್ಲಿ ಒಂಬತ್ತು ಮೊದಲ ಬಗೆಯವು ಎಂಬುದು ದಿಟ. ಆದರೆ ನೂರು ದಾಳಿಗಳಿಗೆ ಎಷ್ಟು ಗೋಲು ಎಂದು ಕೇಳಿದೊಡನೆ ಚಿತ್ರ ತಲೆಕೆಳಗಾಗುತ್ತದೆ: ಮೊದಲ ಬಗೆಗೆ ಒಂದು, ಎರಡನೆಯ ಬಗೆಗೆ ಎರಡು! ಸಣ್ಣ ದಾಳಿಗಳ ಸಂಖ್ಯೆಯೇ ಹೆಚ್ಚಾಗಿದ್ದರಿಂದ ಅವುಗಳ ಗೋಲುಗಳೂ ಹೆಚ್ಚಾಗಿದ್ದವು. 2005ರಲ್ಲಿ ಮೈಕ್ ಹ್ಯೂಸ್ ಮತ್ತು ಇಯಾನ್ ಫ್ರಾಂಕ್ಸ್ ಎಂಬ ಸಂಶೋಧಕರು ವಿಶ್ವಕಪ್ಪಿನ ಪಂದ್ಯಗಳನ್ನು ಹೀಗೆ ಪ್ರಮಾಣಕ್ಕೆ ಇಳಿಸಿ ನೋಡಿದಾಗ, ಯಶಸ್ವಿ ತಂಡಗಳಿಗೆ ದೀರ್ಘವಾದ ಪಾಸುಗಳ ಸರಣಿಯೇ ಹೆಚ್ಚು ಫಲ ಕೊಡುವುದೆಂದು ಕಂಡುಬಂದಿತು. ಎಷ್ಟು ಎಂದು ಕೇಳುವವನು ಎಷ್ಟರಲ್ಲಿ ಎಷ್ಟು ಎಂದೂ ಕೇಳಬೇಕು. ಅಂಕಿ-ಅಂಶಗಳ ಮೊದಲ ಪಾಠವೇ ಇದು.

ಪುಸ್ತಕ, ಪೆನ್ಸಿಲುಗಳ ಕಾಲ ಈಗ ಕಳೆದಿದೆ. 1996ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಆಪ್ಟಾ ಎಂಬ ಸಂಸ್ಥೆ ಪಂದ್ಯದ ಪ್ರತಿಯೊಂದು ಘಟನೆಯನ್ನೂ ದಾಖಲಿಸುವ ಪದ್ಧತಿಯನ್ನು ಬೆಳೆಸಿತು. ಚೆಂಡು ಯಾರ ಕಾಲಿನಿಂದ ಹೊರಟಿತು, ಬಯಲಿನ ಯಾವ ಭಾಗದಿಂದ ಯಾವ ಭಾಗಕ್ಕೆ ಹೋಯಿತು, ಸಂಗಾತಿಗೆ ತಲಪಿತೋ ಎದುರಾಳಿಯ ಪಾಲಾಯಿತೋ ಎಂಬ ವಿವರಗಳೆಲ್ಲ ಗಣಕಯಂತ್ರವನ್ನು ಸೇರುತ್ತವೆ. ಕ್ರೀಡಾಂಗಣದ ಸುತ್ತ ಅಳವಡಿಸಿದ ಕ್ಯಾಮರಾಗಳು ಆಟಗಾರರ ಓಟದ ದೂರವನ್ನೂ ವೇಗವನ್ನೂ ಅಳೆಯುತ್ತವೆ.

ಇಷ್ಟು ರಾಶಿಯನ್ನು ಬಳಸುವುದಕ್ಕೂ ಕ್ರಮವುಂಟು. ಇಬ್ಬರನ್ನು ಹೋಲಿಸುವಾಗ ಅವರು ಆಡಿದ ಸಮಯವನ್ನು ಸಮಮಾಡಿಕೊಳ್ಳಬೇಕು. ಒಬ್ಬನು 2,700 ನಿಮಿಷ ಆಡಿ 10 ಗೋಲು ಹೊಡೆದ. ಇನ್ನೊಬ್ಬನು 900 ನಿಮಿಷ ಆಡಿ 6 ಗೋಲು ಹೊಡೆದ. ಮೇಲುನೋಟಕ್ಕೆ ಮೊದಲನೆಯವನೇ ದೊಡ್ಡವನು. ತೊಂಬತ್ತು ನಿಮಿಷಕ್ಕೆ ಎಷ್ಟೆಂದು ಭಾಗಿಸಿದರೆ ಮೊದಲನೆಯವನದು 0.33, ಎರಡನೆಯವನದು 0.60. ಹಾಗೆಂದು ಒಡನೆಯೇ ತೀರ್ಪು ಕೊಡಲಾಗದು. ಹತ್ತೇ ಪಂದ್ಯಗಳಷ್ಟು ಆಟದಲ್ಲಿ ಅದೃಷ್ಟದ ಪಾಲು ಹೆಚ್ಚಾಗಿರುವ ಸಂಭವವಿದೆ.

ಈ ಅದೃಷ್ಟವನ್ನು ಸಾಮರ್ಥ್ಯದಿಂದ ಬೇರ್ಪಡಿಸಲು 'ನಿರೀಕ್ಷಿತ ಗೋಲು' ಎಂಬ ಅಳತೆಯನ್ನು ಕಂಡುಕೊಂಡಿದ್ದಾರೆ. ಗೋಲಿನತ್ತ ಒದ್ದ ಎಲ್ಲ ಹೊಡೆತಗಳೂ ಸಮವಲ್ಲ. ಪೆನಾಲ್ಟಿ ಹೊಡೆತಗಳಲ್ಲಿ ನಾಲ್ಕಕ್ಕೆ ಸುಮಾರು ಮೂರು ಗೋಲಾಗುತ್ತವೆ. ಬಹುದೂರದಿಂದ ಒದ್ದ ಚೆಂಡು ಗೋಲಾಗುವುದು ಅಪರೂಪ. ಹಿಂದಿನ ಸಹಸ್ರಾರು ಹೊಡೆತಗಳ ಫಲವನ್ನು ಪರಿಶೀಲಿಸಿ, ಆ ಸ್ಥಳದಿಂದ, ಆ ಕೋನದಿಂದ ಒದ್ದ ಚೆಂಡು ಗೋಲಾಗುವ ಸಂಭಾವ್ಯತೆಯನ್ನು ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಯಲ್ಲಿ ಸೂಚಿಸುತ್ತಾರೆ. ಒಬ್ಬನ ಹೊಡೆತಗಳ ಮೊತ್ತ 6 ಆಗಿದ್ದು ಅವನು 10 ಗೋಲು ಗಳಿಸಿದ್ದರೆ, ಮುಂದಿನ ವರ್ಷವೂ ಅಷ್ಟೇ ಗಳಿಸುವನೆಂದು ನಂಬಿ ದೊಡ್ಡ ಬೆಲೆ ತೆರುವುದು ಜಾಣತನವಲ್ಲ. ಮೊತ್ತ 10 ಆಗಿದ್ದು 6 ಗೋಲು ಮಾತ್ರ ಬಂದವನ ಬೆಲೆ ಅನ್ಯಾಯವಾಗಿ ಇಳಿದಿರಬಹುದು.

ಇನ್ನು ಮಾರುಕಟ್ಟೆಯ ಬೆಲೆ. ಇದು ಆಟದ ಗುಣವೊಂದರಿಂದಲೇ ನಿರ್ಧಾರವಾಗುವುದಿಲ್ಲ. ವಯಸ್ಸು, ಆಡುವ ಸ್ಥಾನ, ಆಡುತ್ತಿರುವ ಲೀಗಿನ ಮಟ್ಟ, ದೇಹಕ್ಕಾದ ಗಾಯಗಳು, ಕರಾರಿನಲ್ಲಿ ಉಳಿದಿರುವ ಅವಧಿ ಇವೆಲ್ಲ ಗಣನೆಗೆ ಬರುತ್ತವೆ. ಬೆಲ್ಜಿಯಮ್ಮಿನ ಆಟಗಾರ ಬೋಸ್ಮನ್ ಅವರ ಮೊಕದ್ದಮೆಯಲ್ಲಿ 1995ರಲ್ಲಿ ಯೂರೋಪಿನ ನ್ಯಾಯಾಲಯ ಕೊಟ್ಟ ತೀರ್ಪಿನಿಂದ, ಕರಾರು ಮುಗಿದ ಆಟಗಾರನು ಶುಲ್ಕದ ಹಂಗಿಲ್ಲದೆ ಬೇರೆಡೆಗೆ ಹೋಗುವ ಸ್ವಾತಂತ್ರ್ಯ ಪಡೆದನು. ಅಂದಿನಿಂದ, ಎಷ್ಟೇ ಪ್ರತಿಭಾವಂತನಾದರೂ ಕರಾರು ಮುಗಿಯುವುದಕ್ಕೆ ಕೆಲವೇ ತಿಂಗಳಿದ್ದರೆ ಅವನ ವರ್ಗಾವಣೆಯ ಬೆಲೆ ಕುಸಿಯುತ್ತದೆ. ಬೆಲೆ ಬೇರೆ, ಯೋಗ್ಯತೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಅಂತರವನ್ನು ಅರಿತವರು ಲಾಭ ಪಡೆದರು. ಲಂಡನ್ನಿನ ಬ್ರೆಂಟ್‌ಫರ್ಡ್ ಅಷ್ಟೇನೂ ಸಿರಿವಂತವಲ್ಲದ ಕ್ಲಬ್ಬು. ಅದರ ಒಡೆಯರಾದ ಮ್ಯಾಥ್ಯೂ ಬೆನ್‌ಹಮ್ ಅಂಕಿ-ಅಂಶಗಳನ್ನು ಆಧರಿಸಿ, ಇತರರು ಕಡೆಗಣಿಸಿದ ಆಟಗಾರರನ್ನು ಹುಡುಕಿಸಿದರು. 2017ರಲ್ಲಿ ಸುಮಾರು 18 ಲಕ್ಷ ಪೌಂಡುಗಳಿಗೆ ಬಂದ ಆಲಿ ವಾಟ್ಕಿನ್ಸ್ ಅವರನ್ನು 2020ರಲ್ಲಿ ಆಸ್ಟನ್ ವಿಲ್ಲಾ ಕ್ಲಬ್ಬು ಸುಮಾರು 2 ಕೋಟಿ 80 ಲಕ್ಷ ಪೌಂಡುಗಳಿಗೆ ಕೊಂಡಿತು. 2021ರಲ್ಲಿ ಬ್ರೆಂಟ್‌ಫರ್ಡ್ 74 ವರ್ಷಗಳ ಬಳಿಕ ಇಂಗ್ಲೆಂಡಿನ ಅತ್ಯುನ್ನತ ಶ್ರೇಣಿಗೆ ಏರಿತು.

ಹಣಕ್ಕಿಂತ ಮಿಗಿಲಾದ ಕಥೆ ಎನ್‌ಗೋಲೋ ಕಾಂಟೆ ಅವರದು. ಪ್ಯಾರಿಸ್ಸಿನಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಇವರು ಕುಳ್ಳಗಿದ್ದರು. ಎತ್ತರವನ್ನೂ ಮೈಕಟ್ಟನ್ನೂ ನೋಡುವ ಕಣ್ಣುಗಳಿಗೆ ಅವರು ಬಾಲ್ಯದಲ್ಲಿ ಕಾಣಿಸಲೇ ಇಲ್ಲ; ಬಹುಕಾಲ ಸಣ್ಣ ಕ್ಲಬ್ಬುಗಳಲ್ಲೇ ಆಡಿದರು. ಅವರು ಹೆಚ್ಚು ಗೋಲು ಹೊಡೆಯುವವರೂ ಅಲ್ಲ. ಆದರೆ ಎದುರಾಳಿಯಿಂದ ಚೆಂಡನ್ನು ಮರಳಿ ಪಡೆಯುವುದರಲ್ಲಿ ಅವರಿಗೆ ಸಮನಾದವರು ವಿರಳ ಎಂಬುದನ್ನು ಅಂಕಿಗಳು ಹೇಳುತ್ತಿದ್ದವು. 2015ರಲ್ಲಿ ಲೆಸ್ಟರ್ ಕ್ಲಬ್ಬು ಅವರನ್ನು ಕರೆದುಕೊಂಡಿತು. ಯಾರೂ ನಿರೀಕ್ಷಿಸದಿದ್ದ ಆ ತಂಡ 2016ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಮರುವರ್ಷ ಅವರು ಸೇರಿದ ಚೆಲ್ಸಿ ತಂಡವೂ ಅದೇ ಪ್ರಶಸ್ತಿಯನ್ನು ಗೆದ್ದಿತು. 2018ರಲ್ಲಿ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದಲ್ಲಿಯೂ ಅವರಿದ್ದರು. ಕಣ್ಣು ಕಡೆಗಣಿಸಿದ ಗುಣವನ್ನು ಎಣಿಕೆ ಎತ್ತಿ ತೋರಿಸಿತು.

ಆದರೂ ಎಣಿಕೆಗೆ ಕಾಣದ ಗುಣಗಳುಂಟು. 2001ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬು ಯಾಪ್ ಸ್ಟಾಮ್ ಎಂಬ ರಕ್ಷಣಾ ಆಟಗಾರರನ್ನು ಮಾರಿತು. ಎದುರಾಳಿಯ ಕಾಲಿನಿಂದ ಅವರು ಚೆಂಡು ಕಸಿಯುವ ಸಂಖ್ಯೆ ಇಳಿದುದು ಇದಕ್ಕೆ ಒಂದು ಕಾರಣವೆಂದು ಹೇಳುವುದುಂಟು. ಆ ಮಾರಾಟ ತಪ್ಪಾಗಿತ್ತೆಂದು ತಂಡದ ವ್ಯವಸ್ಥಾಪಕ ಫರ್ಗ್ಯುಸನ್ ಅವರೇ ಮುಂದೆ ಒಪ್ಪಿಕೊಂಡರು. ಇಟಲಿಯ ಪಾವೊಲೊ ಮಾಲ್ಡೀನಿ ಸರ್ವಶ್ರೇಷ್ಠ ರಕ್ಷಕರಲ್ಲಿ ಒಬ್ಬರು. ಅವರು ಎದುರಾಳಿಯ ಮೇಲೆ ಬೀಳುವ ಪ್ರಸಂಗವೇ ಕಡಮೆ. ಏಕೆಂದರೆ ಅಪಾಯ ಹುಟ್ಟುವ ಮೊದಲೇ ಅವರು ನಿಲ್ಲಬೇಕಾದ ಜಾಗದಲ್ಲಿ ನಿಂತಿರುತ್ತಿದ್ದರು. ಬೆಂಕಿಯನ್ನು ಆರಿಸಿದವನನ್ನು ಲೆಕ್ಕಕ್ಕೆ ಹಿಡಿಯಬಹುದು. ಬೆಂಕಿ ಹೊತ್ತದಂತೆ ನೋಡಿಕೊಂಡವನನ್ನು ಯಾವ ಪಟ್ಟಿಯಲ್ಲಿ ಬರೆಯೋಣ? ಸೋಲುತ್ತಿರುವ ತಂಡಕ್ಕೆ ಧೈರ್ಯ ತುಂಬುವವನ ಮಾತಿಗೆ, ಕಿರಿಯನನ್ನು ಕೈಹಿಡಿದು ನಡೆಸುವವನ ತಾಳ್ಮೆಗೆ ಅಂಕ ಹಾಕುವ ಯಂತ್ರವಿನ್ನೂ ಹುಟ್ಟಿಲ್ಲ.

ಅಂಕಿಗಳನ್ನು ಕುರುಡಾಗಿ ನಂಬುವುದೂ ಸಲ್ಲದು, ಕಣ್ಣುಮುಚ್ಚಿ ತಳ್ಳಿಹಾಕುವುದೂ ಸಲ್ಲದು. ಅವು ದೀಪದಂತೆ ದಾರಿಯನ್ನು ತೋರುತ್ತವೆ. ನಡೆಯುವ ಹೊಣೆ ನಮ್ಮದು. ಇದು ಆಟಕ್ಕಷ್ಟೇ ಸಲ್ಲುವ ಮಾತಲ್ಲ. ಪರೀಕ್ಷೆಯ ಅಂಕ, ಸಂಬಳದ ಮೊತ್ತ, ಸಾಲುಸಾಲಾದ ಪಟ್ಟಿಗಳಿಂದ ಮನುಷ್ಯನನ್ನು ತೂಗುವ ಕಾಲವಿದು. ಅಂಥ ಸಂಖ್ಯೆಯೊಂದು ಎದುರಿಗೆ ಬಂದಾಗ ಇದು ಯಾವುದನ್ನು ಎಣಿಸಿದೆ, ಎಷ್ಟರಲ್ಲಿ ಎಣಿಸಿದೆ, ಯಾವುದನ್ನು ಬಿಟ್ಟಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವವನು ಮೋಸಹೋಗಲಾರನು. ಇನ್ನೊಬ್ಬರಿಗೆ ಅನ್ಯಾಯವನ್ನೂ ಮಾಡಲಾರನು.