ನೂರೋ, ಮೂರೋ?

ಶ್ರಾವಣದ ಹೊತ್ತಿಗೆ ಗೋಕಾಕ ಜಲಪಾತದ ಎದುರು ನಿಂತು ಮಾತಾಡಲು ಪ್ರಯತ್ನಿಸಿದವರಿಗೆ ಗೊತ್ತು. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಆ ಮೊರೆತದಲ್ಲಿ ಕೂಗಿದರೂ ದನಿ ಮುಟ್ಟುವುದಿಲ್ಲ. ಆಗ ಜನ ತಾವಾಗಿಯೇ ಗೆಳೆಯನ ಕಿವಿಯ ಹತ್ತಿರ ಬಾಯಿ ತಂದು, ಸಾಧಾರಣ ದನಿಯಲ್ಲೇ ಹೇಳುತ್ತಾರೆ. ಬಯಲಿನಲ್ಲಿ ದೂರ ಅರ್ಧಕ್ಕಿಳಿದರೆ ಸದ್ದಿನ ತೀವ್ರತೆ ನಾಲ್ಕು ಪಟ್ಟಾಗುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 6ರಷ್ಟು ಏರಿಕೆ. ಜಲಪಾತದ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಗದ್ದಲದ ಜಾಗದಲ್ಲಿ ಇಂಟರ್‌ಕಾಮ್ ಹೊಂದಿಸುವವರು ಮೊದಲು ಕಲಿಯಬೇಕಾದದ್ದು ಇದನ್ನೇ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಬ್ಬಿನ ಸೀಮೆ. ಹಂಗಾಮು ಶುರುವಾದರೆ ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲಿ ಹಗಲು ರಾತ್ರಿ ಟ್ರ್ಯಾಕ್ಟರ್‌ಗಳ ಸಾಲು. ಅಂಥದೊಂದು ಅಂಗಳದಲ್ಲಿ ನಾನು ನಿಂತಿದ್ದಾಗ ತೂಕದ ಕಾಟಾದಿಂದ ಸ್ಪೀಕರಿನಲ್ಲಿ ಒಂದು ನಂಬರ್ ಕರೆದರು. "ನೂರಂದ್ರೋ, ಮೂರಂದ್ರೋ?" ಎಂದು ಪಕ್ಕದ ಚಾಲಕ ಕೇಳಿದ. ನನಗೂ ತಿಳಿಯಲಿಲ್ಲ. ಸದ್ದು ಕಡಿಮೆಯಿತ್ತೆಂದಲ್ಲ, ಕಿವಿ ನೋಯುವಷ್ಟು ಜೋರಾಗಿತ್ತು. ಆದರೆ ನೂರು, ಮೂರು ಎರಡಕ್ಕೂ ಸ್ವರಗಳು ಒಂದೇ. ವ್ಯತ್ಯಾಸವಿರುವುದು ಮೊದಲಿನ ಅನುನಾಸಿಕದಲ್ಲಿ, ಅದು ಸ್ವರಕ್ಕೆ ಜಾರುವ ಕ್ಷಣಾರ್ಧದಲ್ಲಿ. ಗದ್ದಲ ಮೊದಲು ನುಂಗುವುದು ಇಂಥ ಸೂಕ್ಷ್ಮವನ್ನೇ.

ಸುತ್ತ ಸದ್ದಿದ್ದರೆ ಮನುಷ್ಯ ಅರಿವಿಲ್ಲದೆ ದನಿ ಏರಿಸುತ್ತಾನೆ. ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದ. ಏರಿಸಿದ ದನಿಯಲ್ಲಿ ಸ್ವರಗಳು ಉಬ್ಬುತ್ತವೆ, ವ್ಯಂಜನಗಳು ಅಷ್ಟಾಗಿ ಏರುವುದಿಲ್ಲ. ಮೈಕಿಲ್ಲದ ಕಾಲದಲ್ಲಿ ಬಯಲಿನಲ್ಲಿ ರಾತ್ರಿಯಿಡೀ ಆಡುತ್ತಿದ್ದ ಶ್ರೀಕೃಷ್ಣ ಪಾರಿಜಾತದ ಕಲಾವಿದರಿಗೆ ಕೊನೆಯ ಸಾಲಿನವರೆಗೂ ಅಕ್ಷರ ಮುಟ್ಟಿಸುವ ಪಳಗಿದ ಕಂಠವಿರುತ್ತಿತ್ತು. ಆ ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ಈ ನಾಡಿನಲ್ಲಿ ಆ ಸಾಧನೆಯನ್ನು ವಿವರಿಸಿ ಹೇಳಬೇಕಿಲ್ಲ. ಕಾಟಾದ ಗುಮಾಸ್ತರಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ. ಅವರಿಗೆ ಬೇಕಾದದ್ದು ಬಾಯಿಗೆ ನಾಲ್ಕು ಬೆರಳು ದೂರದಲ್ಲಿರುವ ಮೈಕು.

ಮೈಕ್ ಹತ್ತಿರ ಬಂದಮೇಲೆ ಅದರ ಗೇನ್, ಅಂದರೆ ದನಿಯನ್ನು ಹಿಗ್ಗಿಸುವ ಪ್ರಮಾಣ, ಇಳಿಸಬೇಕು. ಬಹಳಷ್ಟು ಕಡೆ ತಪ್ಪುವುದು ಇಲ್ಲಿಯೇ. ಇಂದಿನ ಇಂಟರ್‌ಕಾಮ್ ದನಿಯನ್ನು ಅಂಕಿಗಳಾಗಿಸಿ ಕಂಪ್ಯೂಟರ್ ಜಾಲದಲ್ಲಿ ಕಳಿಸುತ್ತದೆ. ಆ ಅಂಕಿಗೊಂದು ಗರಿಷ್ಠ ಮಿತಿಯುಂಟು. ಗೇನ್ ಹೆಚ್ಚಾದರೆ ಸ್ವರಗಳ ತುದಿ ಮಿತಿಗೆ ಬಡಿದು ಕತ್ತರಿಸಿಹೋಗುತ್ತದೆ. ಹಿಂದಿನ ಯಂತ್ರದ ಸದ್ದು ಮಾತ್ರ ತಡೆಯಿಲ್ಲದೆ ಏರುತ್ತದೆ. ಆಮೇಲೆ ಸ್ಪೀಕರಿನ ವಾಲ್ಯೂಮ್ ತಿರುಗಿಸಿ ಫಲವಿಲ್ಲ. ಮಸಿ ಚೆಲ್ಲಿದ ಹಾಳೆಯನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿದಂತೆ. ಜೋರಾಗಿ ಮಾತಾಡಿದಾಗಲೂ ಸೂಚಕ ಗರಿಷ್ಠ ಮಿತಿಗಿಂತ ಸುಮಾರು 12 ಡೆಸಿಬೆಲ್ ಕೆಳಗೇ ನಿಲ್ಲುವಂತೆ ಹೊಂದಿಸಿದರೆ ದನಿ ತಿಳಿಯಾಗಿರುತ್ತದೆ. ಮಾತು ನಿಂತೊಡನೆ ತಾನೇ ಗೇನ್ ಏರಿಸುವ ಸೌಲಭ್ಯವನ್ನು ಇಂಥ ಕಡೆ ನಿಲ್ಲಿಸಿಡುವುದೇ ಲೇಸು. ಎರಡು ಮಾತುಗಳ ನಡುವಿನ ಬಿಡುವಿನಲ್ಲಿ ಅದು ಗಾಣದ ಸದ್ದನ್ನೇ ಎತ್ತಿ ಹಿಡಿಯುತ್ತದೆ.

ಇನ್ನೊಂದು ಆಯ್ಕೆ ಕೋಡೆಕ್, ಅಂದರೆ ದನಿಯನ್ನು ಅಂಕಿಯಾಗಿಸುವ ರೀತಿ. ಹಳೆಯ ಜಿ.711 ಸೆಕೆಂಡಿಗೆ 8000 ಬಾರಿ ದನಿಯನ್ನು ಅಳೆಯುತ್ತದೆ. ಟೆಲಿಫೋನಿನಂತೆ ಸುಮಾರು 3400 ಹರ್ಟ್ಸ್‌ವರೆಗಿನ ದನಿಯಷ್ಟೇ ದಾಟುತ್ತದೆ. 'ಸ'ಕಾರದ ಸೀಟಿಯಂಥ ಸದ್ದಿನ ಬಹುಪಾಲು ಅದಕ್ಕೂ ಮೇಲಿದೆ. ಆದ್ದರಿಂದಲೇ ಫೋನಿನಲ್ಲಿ 'ಸಾಲು', 'ಶಾಲು' ಗೊಂದಲವಾಗುತ್ತವೆ. ಜಿ.722 ಸೆಕೆಂಡಿಗೆ 16000 ಬಾರಿ ಅಳೆದು 7000 ಹರ್ಟ್ಸ್‌ವರೆಗೆ ಸಾಗಿಸುತ್ತದೆ. ಎರಡಕ್ಕೂ ಬೇಕಾದದ್ದು ಸೆಕೆಂಡಿಗೆ 64 ಕಿಲೋಬಿಟ್, ಜಾಲದ ಮೇಲೆ ಹೆಚ್ಚಿನ ಭಾರವಿಲ್ಲ. ಎರಡೂ ತುದಿಯ ಉಪಕರಣಗಳು ಒಪ್ಪುವುದಾದರೆ ಜಿ.722 ಬಿಟ್ಟು ಹಳೆಯದನ್ನು ಬಳಸುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ಬೆಳಗ್ಗೆ ಭಕ್ತಿಗೀತೆ, ಪಾಳಿ ಬದಲಾಗುವಾಗ ಸೈರನ್, ಮುದ್ರಿಸಿಟ್ಟ ಸುರಕ್ಷತಾ ಸೂಚನೆ: ಇವೆಲ್ಲ ಮೈಕಿನಿಂದಲ್ಲ, ಹೊರಗಿನ ಉಪಕರಣಗಳಿಂದ ಬರುವ ದನಿಗಳು. ಮೊಬೈಲ್ ತಂತಿಯನ್ನು ಮೈಕಿನ ತೂತಿಗೆ ಚುಚ್ಚುವುದು ಎಲ್ಲೆಲ್ಲೂ ಇರುವ ರೂಢಿ. ಮೈಕ್ ಕೊಡುವುದು ಕೆಲವೇ ಮಿಲಿವೋಲ್ಟ್. ಮೊಬೈಲಿನಿಂದ ಬರುವುದು ಅದರ ನೂರಾರು ಪಟ್ಟು. ಹಾಡು ಒಡೆದು ಕರಕರ ಎನ್ನುವುದು ಅದಕ್ಕೇ. ಅದಕ್ಕೆಂದೇ ಇರುವ ಲೈನ್ ಇನ್‌ಪುಟ್‌ಗೆ ಜೋಡಿಸಬೇಕು. ಜೋಡಿಸಿದ ಕೂಡಲೇ ಗುಂಯ್ ಎಂಬ ಸದ್ದು ಕೇಳಿಸಿದರೆ ಅದು ಹೆಚ್ಚಾಗಿ 50 ಹರ್ಟ್ಸ್ ವಿದ್ಯುತ್ತಿನ ಕರಾಮತ್ತು. ಎರಡು ಉಪಕರಣಗಳ ಅರ್ಥಿಂಗ್ ತಂತಿಗಳು ಕೂಡಿ ಸುತ್ತುಗಟ್ಟಿದಾಗ ಹೀಗಾಗುತ್ತದೆ. ನಡುವೆ ಸಣ್ಣದೊಂದು ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ನಿಲ್ಲುತ್ತದೆ. ಅರ್ಥಿಂಗ್ ಕಿತ್ತುಹಾಕುವ ಅಪಾಯಕ್ಕೆ ಯಾರೂ ಕೈಹಾಕಬಾರದು.

ಯಾವ ದನಿ ಯಾವುದಕ್ಕೆ ದಾರಿ ಬಿಡಬೇಕೆಂಬುದನ್ನೂ ಮೊದಲೇ ಬರೆದಿಡಬೇಕು. ಹಾಡಿನ ಮೇಲೆ ಕಾಟಾದ ಕರೆ, ಕರೆಯ ಮೇಲೆ ಅಪಾಯದ ಸೂಚನೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಂಥ ಅಣೆಕಟ್ಟುಗಳಲ್ಲಿ ನೀರು ಬಿಡುವ ಎಚ್ಚರಿಕೆಗೂ ಹಾಡಿಗೂ ಒಂದೇ ಆದ್ಯತೆಯಿದ್ದರೆ ಪರಿಣಾಮ ಊಹಿಸಿ.

ವಿಶಾಲ ಅಂಗಳಕ್ಕೆ ಇನ್ನೊಂದು ತೊಡಕಿದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಜಾಲದಲ್ಲಿ ಹೋದ ದನಿ ಎಲ್ಲ ಸ್ಪೀಕರುಗಳಲ್ಲೂ ಹೆಚ್ಚುಕಡಿಮೆ ಒಟ್ಟಿಗೇ ಹೊಮ್ಮುತ್ತದೆ. 68 ಮೀಟರ್ ಆಚೆಯ ಸ್ಪೀಕರಿನ ಕೆಳಗೆ ನಿಂತವನಿಗೆ ಮೊದಲನೆಯದರ ಮಾತು 0.2 ಸೆಕೆಂಡ್ ತಡವಾಗಿ, ಮಾರ್ದನಿಯಾಗಿ ಬಂದು ಅಕ್ಷರದ ಮೇಲೆ ಅಕ್ಷರ ಬೀಳುತ್ತದೆ. ದೂರದ ಸ್ಪೀಕರಿಗೆ 200 ಮಿಲಿಸೆಕೆಂಡ್ ವಿಳಂಬ ಕೊಟ್ಟರೆ ಎರಡೂ ಕೂಡಿಕೊಳ್ಳುತ್ತವೆ.

ಇಷ್ಟನ್ನೂ ಕಾರ್ಖಾನೆ ನಿಂತಿರುವ ಮಳೆಗಾಲದಲ್ಲಿ ಹೊಂದಿಸಿದರೆ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ಪರೀಕ್ಷೆ ಮಾಡಬೇಕಾದದ್ದು ಗಾಣ ತಿರುಗುವಾಗ, ಟ್ರ್ಯಾಕ್ಟರ್ ಇಂಜಿನ್‌ಗಳು ಗುಡುಗುವಾಗ. ಒಬ್ಬರು ಕಾಟಾದಲ್ಲಿ ಕೂತು ನೂರು, ಮೂರು, ಸಾಲು, ಶಾಲು ಎಂದು ಕಲೆಸಿ ಹೇಳಲಿ. ಇನ್ನೊಬ್ಬರು ಕೊನೆಯ ಟ್ರೇಲರಿನ ಬಳಿ ನಿಂತು ಕೇಳಿದ್ದನ್ನು ಬರೆದುಕೊಳ್ಳಲಿ. ಎರಡೂ ಚೀಟಿ ತಾಳೆಯಾಗುವವರೆಗೆ ನಾಬ್ ತಿರುಗಿಸುವುದು ನಡೆಯಲಿ.